ಅಂಗೈಯಷ್ಟೇ ಬೆಳಕು

ಶ್ರೀ ಗುರುಬಸವಲಿಂಗಾಯ ನಮಃ

ವಿಜಯನಗರ, ಬೆಂಗಳೂರು
೨೪ ನವೆಂಬರ್ ೨೦೨೫, ಸೋಮವಾರ

ಚಿ. ಸೌ. ಸೌಮ್ಯಶ್ರೀಗೆ,

ನಿನ್ನ ಅವ್ವ ತಲೆ ನೇವರಿಸಿ ಮಾಡುವ ಆಶೀರ್ವಾದ. ನಾವಿಬ್ಬರೂ ಇಲ್ಲಿ ಇದ್ದೇವೆ. ಕ್ಷೇಮ ಅಂತ ಬರೆಯಲು ಹೋದೆ, ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಅಂತ ಬರೆದೆ. ಹೊಸಪೇಟೆಯಲ್ಲಿ ನೀನು, ಅಳಿಯಂದಿರು, ಅನಿಕೇತ್ ಹೇಗಿದ್ದೀರಿ? ಅನಿಕೇತನ ಕೆಮ್ಮು ನಿಂತಿತಾ? ಅವನ ಸ್ಕೂಲಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ ಅಂದಿದ್ದೆ, ಅಂದಿನಿಂದ ನನಗೆ ಆ ಲಾರಿಗಳದ್ದೇ ಯೋಚನೆ. ಆ ಧೂಳು ಮಗುವಿನ ಎದೆಗೆ ಇಳಿಯುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಯೇ ಕಳಿಸು.

ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಅವ್ವನಿಗೆ ಇದೇನು ಕಾಗದದ ಹುಚ್ಚು ಅಂತ ನೀನು ನಗುತ್ತೀಯ, ಗೊತ್ತು. ಫೋನಿನಲ್ಲಿ ಏನು ಹೇಳಿದರೂ ನಿಮ್ಮಪ್ಪನಿಗೆ ಕೇಳಿಸುತ್ತದೆ ಕಣೇ. ಕಣ್ಣು ಮಂಜಾದ ಹಾಗೆಲ್ಲ ಅವರ ಕಿವಿ ಚುರುಕಾಗಿದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೂ ನಡುಮನೆಯಿಂದ ಉತ್ತರ ಬರುತ್ತದೆ. ಬಟ್ಟೆ ತರುವ ನೆಪದಲ್ಲಿ ಟೆರೇಸಿಗೆ ಹೋದರೆ, "ಯಾರ ಹತ್ರ ಗುಟ್ಟು ಮಾತಾಡೋಕೆ ಹೋಗಿದ್ದೆ?" ಅನ್ನುತ್ತಾರೆ. ಕಾಗದವಾದರೆ ಅವರ ಎದುರಿಗೇ ಕೂತು ಬರೆಯಬಹುದು. ಈಗಲೂ ಎದುರಿಗೇ ಕೂತಿದ್ದಾರೆ. ಪೆನ್ನಿನ ಸದ್ದು ಕೇಳಿ, "ಏನೇ ಅದು ಬರೀತಿರೋದು?" ಅಂದರು. "ದಿನಸಿ ಪಟ್ಟಿ ರೀ" ಅಂದೆ.

"ಇಷ್ಟೊತ್ತಿಂದ ಪಟ್ಟಿನಾ? ಏನು, ಮನೇಲಿ ದಾಸೋಹ ಇಟ್ಕೊಂಡಿದೀಯಾ?" ಅಂದು ನಕ್ಕರು. ಅವರು ನಕ್ಕರೆ ಈಗ ನನಗೆ ಜೊತೆಗೆ ನಗಲಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸಮಾಧಾನವಾಗಿ ಓದು. ಓದುವಾಗ ಒಲೆಯ ಮೇಲೆ ಏನೂ ಇಟ್ಟಿರಬೇಡ.

ದೀಪಾವಳಿ ಕಳೆದ ಮೇಲೆ ನಿಮ್ಮಪ್ಪನ ಬಲಗಣ್ಣಿಗೆ ಒಂದು ಚಿಕಿತ್ಸೆ ಮಾಡಿಸಿದೆವು. ನಿನಗೆ ಆಮೇಲೆ ಹೇಳಿದೆವು, ಅದೂ ಅರ್ಧಂಬರ್ಧ. "ಅವಳು ರಜ ಹಾಕಿ ಓಡಿ ಬರೋದು ಬೇಡ" ಅಂತ ಅವರೇ ತಡೆದರು. ಎಡಗಣ್ಣಿಗೆ ಬೇಸಿಗೆಯಲ್ಲಿ ಆಪರೇಷನ್ ಮಾಡಿ ಕಣ್ಣಿನೊಳಗಿನ ನೀರು ಹರಿದು ಹೋಗಲು ಹೊಸ ದಾರಿ ಮಾಡಿದ್ದರಲ್ಲ, ಆ ದಾರಿ ಮುಚ್ಚಿಕೊಂಡು ಆ ಕಣ್ಣು ಪೂರ್ತಿ ಹೋಗಿದ್ದು ನೀನು ದಸರೆಗೆ ಬಂದಾಗ ನೋಡಿದ್ದೀಯ. ಬಲಗಣ್ಣಿಗೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿದರೂ ಒತ್ತಡ ಇಳಿಯಲಿಲ್ಲ. ಡ್ರಾಪ್ಸ್ ಹಾಕುವವಳು ನಾನು. ಕಣ್ಣಿಗೆ ಬಿತ್ತೋ ಕೆನ್ನೆಗೆ ಬಿತ್ತೋ ಅಂತ ಅನುಮಾನ. ಕರೆಂಟು ಹೋದರೆ ಫ್ರಿಜ್ಜಿನಲ್ಲಿಟ್ಟ ಬಾಟಲಿ ಕೆಟ್ಟಿತೇನೋ ಅಂತ ಅನುಮಾನ. ನನ್ನಿಂದಲೇ ಇಳಿಯುತ್ತಿಲ್ಲವೇನೋ ಅಂತ ಒಂದು ದಿನ ಡಾಕ್ಟರ ಎದುರು ಅತ್ತೇಬಿಟ್ಟೆ. ರಾಜಾಜಿನಗರದ ಆಸ್ಪತ್ರೆಯಲ್ಲಿ ನಮ್ಮನ್ನು ನೋಡುವವರು ಡಾಕ್ಟರ್ ರಕ್ಷಾ ಅಂತ, ಹೆಚ್ಚುಕಡಿಮೆ ನಿನ್ನ ವಯಸ್ಸಿನವರು. ಅವರು ನನ್ನ ಕೈ ಹಿಡಿದು, "ಆಂಟಿ, ಅಂಕಲ್ ಕಣ್ಣಿನ ಪ್ರೆಷರ್‌ಗಿಂತ ನಿಮ್ಮ ಪ್ರೆಷರ್ರೇ ಜಾಸ್ತಿ ಇದೆ" ಅಂದರು. "ಅದಕ್ಕೂ ಒಂದು ಡ್ರಾಪ್ಸ್ ಬರ್ಕೊಡಿ ಡಾಕ್ಟ್ರೇ, ಮದುವೆಯಾದಾಗಿಂದ ಇಳಿದಿಲ್ಲ" ಅಂದರು ನಿಮ್ಮಪ್ಪ.

ಡಾಕ್ಟರು ಹೇಳಿದ್ದನ್ನು, ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕಣ್ಣೊಳಗೆ ಸದಾ ಒಂದು ನೀರು ಊರುತ್ತಿರುತ್ತದಂತೆ. ಅದು ಹೊರಗೆ ಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರಿ ಹಿಂದಿನ ನರ ಸಾಯುತ್ತಾ ಬರುತ್ತದಂತೆ. ಇರುವ ಒಂದು ಕಣ್ಣಿಗೆ ಮತ್ತೆ ಕತ್ತರಿ ಹಾಕುವುದಕ್ಕೆ ಅವರಿಗೂ ಹೆದರಿಕೆ. ಅದಕ್ಕೆ ಕೊಯ್ಯದೆ, ಹೊಲಿಯದೆ, ಶಬ್ದದ ಅಲೆಯಿಂದ ಆ ನೀರು ಊರುವ ಜಾಗವನ್ನೇ ಅಲ್ಲಲ್ಲಿ ಬಿಸಿ ಮಾಡಿ ಸುಟ್ಟು, ಊರುವುದನ್ನು ಕಡಿಮೆ ಮಾಡುವುದು.

"ಬಾವಿಗೇ ಮಣ್ಣು ಹಾಕೋದಲ್ವಾ?" ಅಂದರು ನಿಮ್ಮಪ್ಪ.

"ಪೂರ್ತಿ ಅಲ್ಲ ಅಂಕಲ್, ಒಂದಿಷ್ಟು ಊಟೆ ಮುಚ್ಚೋದು ಅಷ್ಟೇ."

"ಶಬ್ದ ಅಂದ್ರೆ? ಕಿವಿ ಹೋದ್ರೆ ಏನ್ ಮಾಡೋದು? ಈಗ ಅವ್ರಿಗೆ ಉಳಿದಿರೋದೇ ಅದೊಂದು" ಅಂದೆ ನಾನು.

"ಕಿವಿಗೆ ಕೇಳೋ ಶಬ್ದ ಅಲ್ಲ ಆಂಟಿ. ಬಸುರಿಯರಿಗೆ ಸ್ಕ್ಯಾನ್ ಮಾಡ್ತೀವಲ್ಲ, ಅದೇ ಜಾತಿದು. ಅದು ನೋಡೋಕೆ, ಇದು ಸುಡೋಕೆ."

ನೀನು ಬಸುರಿಯಾದಾಗ ಆ ಸ್ಕ್ಯಾನಿನಲ್ಲಿ ಅನಿಕೇತನ ಮೂಗು ನೋಡಿ ಎಲ್ಲರೂ ನಕ್ಕಿದ್ದು ನೆನಪಾಯಿತು. ಅಂಥ ಶಬ್ದಕ್ಕೆ ಸುಡುವ ಕೆಲಸವೂ ಇದೆಯಲ್ಲ ಅನ್ನಿಸಿತು. "ಹೋಗಿರೋ ದೃಷ್ಟಿ ಮತ್ತೆ ಬರುತ್ತಾ?" ಅಂತ ಕೇಳಿದೆ. "ಇಲ್ಲ ಆಂಟಿ. ಹೋಗಿದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಇಷ್ಟೆಲ್ಲಾ" ಅಂದರು. ಸುಳ್ಳು ಆಸೆ ಹುಟ್ಟಿಸಲಿಲ್ಲ ಆ ಹುಡುಗಿ.

ಆಮೇಲೆ ನಿಮ್ಮಪ್ಪನನ್ನು ಒಂದು ಡಬ್ಬಿಯ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಅಂದರು. ಅವರು ಒತ್ತಿದ್ದು ಕಡಿಮೆ. ಬಂದ ಚಿತ್ರವನ್ನು ಡಾಕ್ಟರು ಅವರ ಕಣ್ಣಿಗೆ ನೇರ ಹಿಡಿದು ತೋರಿಸಿದರು. ಕಾಗದದ ತುಂಬ ಮಸಿ ಬಳಿದ ಹಾಗೆ ಕಪ್ಪು, ನಡುವೆ ಒಂದು ಬಿಳಿ ಚುಕ್ಕಿ.

"ಈ ಬಿಳಿಯಷ್ಟೇ ನಿಮಗೆ ಕಾಣೋದು ಅಂಕಲ್. ಸುತ್ತ ಕಪ್ಪಿದೆಯಲ್ಲ, ಅದು ಹೋಗಿದೆ."

"ಯಾವಾಗಿಂದ?"

"ವರ್ಷಗಳಿಂದ, ನಿಧಾನಕ್ಕೆ. ಇದು ಮೊದಲು ಪಕ್ಕದ್ದನ್ನ ತಿನ್ನುತ್ತೆ, ನಡುವಿನದ್ದನ್ನ ಕೊನೇಲಿ. ಎದುರಿಗಿರೋದು ಚೆನ್ನಾಗೇ ಕಾಣ್ತಿರುತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ."

ನಿಮ್ಮಪ್ಪ ಆ ಕಾಗದವನ್ನು ನೋಡುತ್ತಲೇ ಇದ್ದರು. ಆಮೇಲೆ ತಮ್ಮ ಎಡಗೈ ತೆರೆದು ನೋಡಿಕೊಂಡರು. ಮನೆಗೆ ಹೊರಟೆವು. ಆಟೋ ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು, "ಭಾಗೂ, ಅದು ಲಿಂಗ ಅಲ್ಲ ಕಣೇ. ರೋಗ."

ನಿನಗೆ ಬಿಡಿಸಿ ಹೇಳಬೇಕಿಲ್ಲ. ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರುವವರು. ನೀನೂ ಚಿಕ್ಕವಳಿದ್ದಾಗಿನಿಂದ ಪಕ್ಕದಲ್ಲಿ ಕೂತು ಅದನ್ನೇ ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ದಿನ ಪೂಜೆಯಿಂದ ಎದ್ದು ಬಂದು, "ಇವತ್ತು ಗೋಡೆ ಇಲ್ಲ, ದೀಪ ಇಲ್ಲ, ನನ್ನ ಕೈಯೂ ಇಲ್ಲ. ಲಿಂಗ ಒಂದೇ ಉಳೀತು" ಅಂತ ಹೇಳುವಾಗ ಅವರ ಮುಖ ಹೇಗಿತ್ತು! ಆಮೇಲೆ ದಿನವೂ ಹಾಗೇ ಆಗತೊಡಗಿತು. ಭಾನುವಾರದ ಶರಣರ ಗೋಷ್ಠಿ ನಡೆಸುವ ಅವರ ಗೆಳೆಯ ರುದ್ರಮುನಿಯವರು, "ಪ್ರಪಂಚ ಬಿದ್ದು ಹೋಗಿ ಲಿಂಗ ಒಂದೇ ನಿಲ್ತು ಅಂದ್ರೆ ನೀನು ದಾಟಿದೆ ಕಣಯ್ಯಾ" ಅಂತ ಎಲ್ಲರ ಎದುರು ಹೇಳಿ ಮುಂದಿನ ಸಾಲಿನಲ್ಲಿ ಕೂರಿಸಿದರು. ನಮ್ಮ ಮನೆಗೆ ಅದೊಂದು ಬೆಳಕು ಬಂದ ಹಾಗಾಗಿತ್ತು. ನಾವೆಲ್ಲರೂ ಊರಲ್ಲೆಲ್ಲ ಹೇಳಿಕೊಂಡೆವು.

ಅದೇ ವರ್ಷಗಳಲ್ಲಿ ಅತ್ತಿಗುಪ್ಪೆಯ ಫೋಟೋ ಫ್ರೇಮಿನ ಅಂಗಡಿಯಲ್ಲಿ ಪಕ್ಕಕ್ಕೆ ಒರಗಿಸಿಟ್ಟ ಗಾಜುಗಳು ಒಡೆಯತೊಡಗಿದವು. ಮೊಣಕೈ ತಗುಲಿ ಒಂದು, ಕಾಲು ತಗುಲಿ ಒಂದು. ಕಣ್ಣು ತೋರಿಸಿಕೊಳ್ಳಿ ರೀ ಅಂದರೆ, "ಕಣ್ಣಿಗೇನಾಗಿದೆ? ಲಿಂಗದ ಮೇಲಿರೋ ವಿಭೂತಿಯ ಒಂದೊಂದು ಕಣ ಕಾಣುತ್ತೆ ನಂಗೆ" ಅನ್ನುತ್ತಿದ್ದರು. ನಿಜ, ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅಂಗೈಯಲ್ಲೇ ಕಣ್ಣಿನ ಪರೀಕ್ಷೆ ಪಾಸಾಗುತ್ತಿತ್ತು. ಡಾಕ್ಟರು ತೋರಿಸಿದ ಆ ಬಿಳಿ ಚುಕ್ಕಿ ಸರಿಯಾಗಿ ಲಿಂಗದಷ್ಟೇ ಇತ್ತು ಕಣೇ ಸೌಮ್ಯ.

ಚಿಕಿತ್ಸೆಯ ದಿನ ನನ್ನನ್ನು ಒಳಗೆ ಬಿಡಲಿಲ್ಲ. ನಾನು ಹೊರಗೆ ಕೂತು ಕರೆಂಟು ಹೋದರೆ ಏನು ಗತಿ, ಶಬ್ದ ಜಾಸ್ತಿ ಬಿದ್ದರೆ ಏನು ಗತಿ ಅಂತ ಸೆರಗು ಹಿಂಡುತ್ತಿದ್ದೆ. ಅವರೇ ಆಮೇಲೆ ಹೇಳಿದರು, ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಕಣ್ಣಿನ ಮೇಲೆ ಪುಟ್ಟ ಬಟ್ಟಲಿನಂಥದ್ದು ಕೂರಿಸಿ, ಅದರ ತುಂಬ ನೀರು ಬಿಟ್ಟರಂತೆ. ಮಿಷನ್ನು ಪೀಂ ಪೀಂ ಅಂದಿತಂತೆ, ಒಳಗೆ ಒಂದು ಭಾರ, ಅಷ್ಟೇ. ಟೀ ಕುಡಿಯುವಷ್ಟರಲ್ಲಿ ಮುಗಿಯಿತು, ಸಂಜೆಗೆ ಮನೆಗೆ ಬಂದೆವು. ಅದಕ್ಕೆ ಮೊದಲು, ಅವರಿಗೆ ಪಟ್ಟಿ ಕಟ್ಟಿ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದಾಗ ಡಾಕ್ಟರು ನನ್ನೊಬ್ಬಳನ್ನೇ ಕರೆದು, "ನಿಮಗೆ ಮಕ್ಕಳೆಷ್ಟು ಆಂಟಿ?" ಅಂದರು. ಒಬ್ಬಳೇ ಮಗಳು ಅಂದೆ. ಇನ್ನೂ ಏನೋ ಹೇಳಿದರು. ಅದನ್ನು ಆಮೇಲೆ ಬರೆಯುತ್ತೇನೆ, ಈಗ ನಿಮ್ಮಪ್ಪನ ಸುದ್ದಿ ಮುಗಿಸಿಬಿಡುತ್ತೇನೆ.

ಮೊದಲ ಸಲ ತೋರಿಸಿದಾಗ ಒತ್ತಡ ಚೆನ್ನಾಗಿ ಇಳಿದಿತ್ತು. ನಾನು ಬಂದವಳೇ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಎರಡನೇ ಸಲ ಹೋದಾಗ ಮತ್ತೆ ಏರಿತ್ತು. "ಕೆಲವರಿಗೆ ಒಂದೇ ಸಲಕ್ಕೆ ಸಾಲಲ್ಲ. ಇನ್ನೊಂದ್ಸಲ ಮಾಡ್ಬಹುದು, ಹೀಗೇ ಬಿಟ್ರೆ ಆ ಬಿಳಿ ಚುಕ್ಕಿನೂ ಮುಚ್ಕೊಳ್ಳುತ್ತೆ" ಅಂದರು ಡಾಕ್ಟರು. ನಿಮ್ಮಪ್ಪ ತಲೆಯಾಡಿಸಿ, "ಸಾಕು ಬಿಡಿ ಡಾಕ್ಟ್ರೇ. ಅಷ್ಟು ಉಳಿಸ್ಕೊಂಡು ನೋಡೋದಾದ್ರೂ ಏನಿದೆ?" ಅಂದು ಎದ್ದು ಬಂದರು.

ಆ ಮೇಲಿನ ದಿನಗಳನ್ನು ನಾನು ಹೇಗೆ ಬರೆಯಲಿ? ಅಂಗಡಿಯ ಷಟರ್ ಎತ್ತಲಿಲ್ಲ. ಪೂಜೆ ಬಿಡಲಿಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಮಾಡತೊಡಗಿದರು. ಲಿಂಗ ಅಂಗೈಯಲ್ಲಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ. ನನಗೆ ನೋಡಲಾಗುತ್ತಿರಲಿಲ್ಲ. ಯಾಕ್ರೀ ಅಂದರೆ, "ಕಣ್ಣು ಬಿಟ್ರೆ ಅದೇ ಕಾಣುತ್ತೆ ಕಣೇ. ಕಾಣ್ತಿರೋದು ಲಿಂಗನೋ ಕಾಯಿಲೆನೋ ಅಂತ ಅನುಮಾನ ಬರುತ್ತೆ. ಅನುಮಾನ ಅಂಗೈಲಿಟ್ಕೊಂಡು ಹೆಂಗೆ ಕೂರಲಿ?" ಅಂದರು. ಪ್ರಸಾದಕ್ಕೆ ಕೂತರೂ ಅರ್ಧ ರೊಟ್ಟಿಗೆ ಎದ್ದುಬಿಡುತ್ತಿದ್ದರು. ರುದ್ರಮುನಿಯವರು ಬಂದು, "ಭಾನುವಾರ ಬಾರಯ್ಯಾ ಗುರುಸಿದ್ದಯ್ಯ, ನಿನ್ನ ಜಾಗ ಖಾಲಿ ಬಿಟ್ಟಿದೀವಿ" ಅಂತ ಕರೆದರು. "ಮುಂದೆ ಕೂರಿಸ್ತಿದ್ರಲ್ಲ, ಇನ್ನು ಚಪ್ಪಲಿ ಕಾಯೋಕೆ ಕೂರಿಸಿ. ಪಕ್ಕದಲ್ಲಿ ಇಟ್ಟೋರದು ಮಾತ್ರ ಕಳೆದ್ರೆ ನನ್ನ ಕೇಳ್ಬೇಡಿ" ಅಂದರು ಇವರು. ಪಾಪ, ರುದ್ರಮುನಿಯವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಆಗ ನಿನ್ನ ಫೋನ್ ಬಂತು. ಸ್ಪೀಕರಿನಲ್ಲಿ ಹಾಕಿದ್ದೆ, ನಾನೂ ಅಲ್ಲೇ ಇದ್ದೆ. ಅವರು ನಿನಗೆ ಆ ಬಿಳಿ ಚುಕ್ಕಿಯ ವಿಷಯ ಹೇಳಿದರು, ಇಷ್ಟು ವರ್ಷ ಕುರುಡುತನಾನ ಪೂಜೆ ಮಾಡಿದೆ ಮಗಳೇ ಅಂದರು. ಆಗ ನೀನು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಹಾಗ್ಯಾಕಂತೀರಾ ಅಪ್ಪಾಜಿ? ನನಗೂ ಈಗೀಗ ಹಾಗೇ ಆಗುತ್ತೆ. ಪೂಜೆಗೆ ಕೂತ್ರೆ ಸುತ್ತ ಎಲ್ಲಾ ಮಾಯ, ಲಿಂಗ ಒಂದೇ ಕಾಣುತ್ತೆ. ನನಗೇನು ಕಾಯಿಲೆನಾ? ಡಾಕ್ಟ್ರಿಗೆ ಕಣ್ಣು ಗೊತ್ತು, ಲಿಂಗ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಕಣ್ಣು ತೆರೆದು ಪೂಜೆ ಮಾಡಿದರು. ಎದ್ದು ಬಂದು, "ಕೇಳಿದ್ಯಾ? ಮಗಳಿಗೂ ಒಲಿದಿದೆ. ನನ್ನ ಕಣ್ಣಲ್ಲಿ ರೋಗನೂ ಇತ್ತು, ಲಿಂಗನೂ ಇತ್ತು. ಎರಡೂ ಇರ್ಬಾರದು ಅಂತ ಎಲ್ಲಿದೆ?" ಅಂದರು. ಪೂರ್ತಿ ಎರಡು ರೊಟ್ಟಿ ತಿಂದರು. ತಾವೇ ಆಸ್ಪತ್ರೆಗೆ ಫೋನ್ ಮಾಡಿಸಿ ಎರಡನೇ ಸಲ ಮಾಡಿಸಿಕೊಳ್ಳಲು ಒಪ್ಪಿದರು. ಡಿಸೆಂಬರ್ ಮೊದಲ ವಾರಕ್ಕೆ ದಿನ ಕೊಟ್ಟಿದ್ದಾರೆ. ಉಳಿದಿರುವಷ್ಟು ಉಳಿಸಿಕೊಳ್ಳಬೇಕು ಅನ್ನುವ ಆಸೆ ಅವರಿಗೆ ಬಂದಿದೆ. ಅದನ್ನು ಕೊಟ್ಟವಳು ನೀನು.

ಈ ಸಲ ನೀನು ಬಾ, ನಿಮ್ಮಪ್ಪನೂ ದಾರಿ ನೋಡುತ್ತಿದ್ದಾರೆ. ಹೋದ ಸಲದ ಹಾಗೆ ನಾನೊಬ್ಬಳೇ ಹೊರಗೆ ಕೂರಲಾರೆ. ರಜ ಸಿಗದಿದ್ದರೆ ಅಳಿಯಂದಿರಿಗೆ ಹೇಳಿ ಹೇಗಾದರೂ ಹೊಂದಿಸು. ಅನಿಕೇತನನ್ನೂ ಕರೆದುಕೊಂಡು ಬಾ. ಬಸ್ಸಿಗಿಂತ ರೈಲು ವಾಸಿ, ಆದರೆ ಬಾಗಿಲ ಹತ್ತಿರ ನಿಲ್ಲಬೇಡ.

ನಿನ್ನ ಮನೆ ತಣ್ಣಗಿರಲಿ, ಮಡಿಲು ತುಂಬಿರಲಿ, ಅನಿಕೇತನಿಗೆ ಒಳ್ಳೆಯ ಬುದ್ಧಿ, ಗಟ್ಟಿ ಎದೆ ಕೊಡಲಿ ಅಂತ ಬಸವಣ್ಣನನ್ನು ಬೇಡಿಕೊಳ್ಳುತ್ತೇನೆ.

ನಿನ್ನ ಅವ್ವ,
ಭಾಗವ್ವ

ಮರೆತ ಮಾತು: ಮರೆತಿರಲಿಲ್ಲ. ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೂ ದೂಡಿಕೊಂಡು ಬಂದೆ.

ಅವತ್ತು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ದು ಇದು. "ಇದು ರಕ್ತದಲ್ಲಿ ಬರುತ್ತೆ ಆಂಟಿ. ತಂದೆಗಿದ್ರೆ ಮಕ್ಕಳಿಗೂ ಬರೋ ಸಂಭವ ಜಾಸ್ತಿ. ನೋವಿರಲ್ಲ, ಏನೂ ಗೊತ್ತಾಗಲ್ಲ. ಮಗಳನ್ನ ಒಂದ್ಸಲ ಕರ್ಕೊಂಡು ಬನ್ನಿ. ಬೇಗ ಗೊತ್ತಾದ್ರೆ ಉಳಿಸ್ಕೋಬಹುದು." ನಿನ್ನನ್ನು ಹೆದರಿಸದೆ ನಿಧಾನಕ್ಕೆ ಹೇಳೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನಿನ್ನ ಫೋನ್ ಬಂತು. ನೀನು ಆ ಮಾತು ಆಡುವಾಗ ನಿಮ್ಮಪ್ಪನ ಮುಖ ಅರಳುತ್ತಿತ್ತು, ನನ್ನ ಕಿವಿಯಲ್ಲಿ ಡಾಕ್ಟರ ಮಾತೇ ಇತ್ತು.

ದಸರೆಗೆ ಬಂದಾಗ ನೀನು ನಡುಮನೆಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ಅನಿಕೇತ್ ನಿನ್ನ ಎಡಕ್ಕೆ ನಿಂತು ತಾನು ಬರೆದ ಚಿತ್ರ ಹಿಡಿದುಕೊಂಡಿದ್ದ. ಮಗು ಸದ್ದು ಮಾಡದೆ ಕಾಯುತ್ತಿತ್ತು, ಅಮ್ಮ ನೋಡಲಿ ಅಂತ. ನೀನು ನೋಡಲಿಲ್ಲ. ಎದ್ದವಳು ಅವನ ಮೇಲೇ ಬಿದ್ದೆ. "ಲೋ, ಯಾವಾಗ ಬಂದ್ಯೋ?" ಅಂದೆ. ನಿನ್ನ ತೋಳಿನ ಮೇಲೆ ನೀಲಿ ಕಲೆ ಇತ್ತು. ಕೇಳಿದ್ದಕ್ಕೆ "ಬಾಗಿಲು ತಗುಲ್ತು ಅವ್ವ, ನಿನಗೆ ಎಲ್ಲದಕ್ಕೂ ಗಾಬರಿ" ಅಂತ ನಕ್ಕೆ. ನಾನು ಎಲ್ಲದಕ್ಕೂ ಗಾಬರಿಯಾಗುವವಳು, ಸರಿ. ಗ್ಯಾಸಿನ ಪೈಪಿಗೆ, ಮೆಟ್ರೋದ ಬಾಗಿಲಿಗೆ, ಮಗುವಿನ ಕೆಮ್ಮಿಗೆ. ಆ ಗಾಬರಿಗಳಿಗೆಲ್ಲ ನೀನು ನಗಬಹುದು. ಇದೊಂದಕ್ಕೆ ನಗಬೇಡ ತಾಯಿ. ಇದು ಓದಿದ ಮೇಲೆ ಸ್ಕೂಟಿ ಹತ್ತಬೇಡ. ಆ ಲಾರಿಗಳ ರಸ್ತೆಯಲ್ಲಿ ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗಬೇಡ. ಅಪ್ಪನಿಗೆ ಜೊತೆ ಅಂತ ಹೇಳಿ ಬಾ. ಅವರನ್ನು ಒಳಗೆ ಕರೆದುಕೊಂಡು ಹೋದಾಗ ನಾವಿಬ್ಬರೂ ಪಕ್ಕದ ಕೋಣೆಗೆ ಹೋಗಿ ತೋರಿಸಿಕೊಂಡು ಬಂದುಬಿಡೋಣ. ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಮತ್ತೆ ಕಣ್ಣು ಮುಚ್ಚಿಬಿಡುತ್ತಾರೆ. ನನ್ನಿಂದ ಮಗಳಿಗೆ ಬಂದಿದ್ದು ಇದೇನಾ ಅನ್ನುತ್ತಾರೆ. ಆಮೇಲೆ ಯಾವ ಶಬ್ದದಿಂದಲೂ ಅವರನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಅಥವಾ ನೀನು ಅಪ್ಪನ ಸಮಾಧಾನಕ್ಕೆ ಸುಳ್ಳು ಹೇಳಿದೆಯಾ ಸೌಮ್ಯ? ನಿನಗೆ ಪೂಜೆಯಲ್ಲಿ ಗೋಡೆ, ದೀಪ, ಪಕ್ಕದಲ್ಲಿ ಕೂತ ಮಗು, ಎಲ್ಲ ಕಾಣುತ್ತದಾ? ಹಾಗಿದ್ದರೆ ನಿನ್ನ ಕಾಲು ಹಿಡಿಯುತ್ತೇನೆ, ಸುಳ್ಳು ಹೇಳಿದೆ ಅವ್ವ ಅಂತ ಒಂದು ಸಾಲು ಬರೆದು ಹಾಕು. ಲಿಂಗದ ಹೆಸರಿನಲ್ಲಿ ಸುಳ್ಳಾಡಿದ ಪಾಪ ಏನಿದ್ದರೂ ಅದು ನನಗಿರಲಿ. ಫೋನಿನಲ್ಲಿ ಹೇಳಬೇಡ, ಅವರಿಗೆ ಕೇಳಿಸುತ್ತದೆ.

"ಇನ್ನೂ ಮುಗೀಲಿಲ್ವೇನೇ ನಿನ್ನ ಪಟ್ಟಿ?" ಅಂತ ಈಗ ಕೇಳಿದರು. ಮುಗೀತು ಅಂದೆ. "ಸೌಮ್ಯ ಬರ್ತಾಳೆ, ಹೋಳಿಗೆ ಮಾಡ್ಬೇಕು. ಬೆಲ್ಲ ಒಂದಿಷ್ಟು ಜಾಸ್ತಿ ಬರ್ಕೋ" ಅಂದರು. ಬರೆದುಕೊಂಡೆ ಅಂದೆ.